ಪದವೀಧರೆ ಅಜ್ಜಿ ಇಲ್ಲದವರ ಗಣಿತ

ರಾಜೇಶ್ವರಿ ಚಟರ್ಜಿಯವರ ಬಗ್ಗೆ ಬರೆಯುವವರೆಲ್ಲ ಅವರ ಛಲವನ್ನು ಮನಸಾರೆ ಹೊಗಳುತ್ತಾರೆ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ, ಮೈಕ್ರೋವೇವ್ ಸಂಶೋಧನೆಗೆ ದೇಶದಲ್ಲೇ ಮೊದಲಿಗೆ ಪ್ರಯೋಗಾಲಯ ಕಟ್ಟಿದ ಜೋಡಿಯಲ್ಲಿ ಒಬ್ಬರು ಎಂಬ ಬಿರುದುಗಳು ಸಾಲಾಗಿ ಬರುತ್ತವೆ. ಓದಿದ್ದು ಗಣಿತ ಎಂಬ ಸಂಗತಿಗೆ ಒಂದು ವಾಕ್ಯ ಸಿಕ್ಕರೆ ಹೆಚ್ಚು. ಅಜ್ಜಿ ಕಮಲಮ್ಮ ದಾಸಪ್ಪನವರಿಗೆ ಸಿಗುವುದು ಅರ್ಧ ವಾಕ್ಯ. ಈ ಬರಹದ ವಾದವೆಲ್ಲ ಆ ಅರ್ಧ ವಾಕ್ಯದ ಮೇಲೆ ನಿಂತಿದೆ. ನಂಜನಗೂಡಿನಲ್ಲಿ ವಕೀಲರಾಗಿದ್ದ ಬಿ.ಎಂ. ಶಿವರಾಮಯ್ಯನವರ ಮಗಳು ರಾಜೇಶ್ವರಿ ಹುಟ್ಟಿದ್ದು 1922ರಲ್ಲಿ. ಹಳೆಯ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾಗಿದ್ದ ಅಜ್ಜಿ, ವಿಧವೆಯರ ಮತ್ತು ಗಂಡ ಬಿಟ್ಟ ಹೆಂಗಸರ ಓದಿಗಾಗಿ ದುಡಿದವರು. ತಾವೇ ಒಂದು ಶಾಲೆ ತೆರೆದಿದ್ದರು. ಮೊಮ್ಮಗಳ ಮೊದಲ ಪಾಠ ಆ ಶಾಲೆಯಲ್ಲೇ ಆಯಿತು. ಹುಡುಗಿಯೊಬ್ಬಳು ಗಣಿತ ಓದಬಹುದೇ ಎಂಬ ಪ್ರಶ್ನೆ ಅವಳು ಹುಟ್ಟುವ ಮೊದಲೇ ಆ ಮನೆಯಲ್ಲಿ ಇತ್ಯರ್ಥವಾಗಿತ್ತು. ಆಮೇಲಿನ ಸಾಧನೆ ರಾಜೇಶ್ವರಿಯವರದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಬೇಕಾದ ನೆಲ ಹದ ಮಾಡಿದ್ದು ಅಜ್ಜಿ. ಗಣಿತದಲ್ಲಿ ಹೆಣ್ಣುಮಕ್ಕಳ ವೃತ್ತಿಬದುಕು ಮುರಿದು ಬೀಳುವುದು ಬುದ್ಧಿಯ ಕೊರತೆಯಿಂದಲ್ಲ. ಒಂದು ಹಂತದಿಂದ ಇನ್ನೊಂದಕ್ಕೆ ದಾಟಿಸುವ ಕೊಂಡಿ ಇಲ್ಲದ ಕಡೆ ಅದು ಮುರಿಯುತ್ತದೆ. ಕೆಲವು ಮನೆಗಳಲ್ಲಿ ಆ ಕೊಂಡಿ ಹಿರಿಯರ ರೂಪದಲ್ಲಿ ಇರುತ್ತದೆ. ಇಲ್ಲದ ಮನೆಗಳಿಗೆ ಅದನ್ನು ಒದಗಿಸುವುದು ಸರ್ಕಾರದ ಮತ್ತು ಸಂಸ್ಥೆಗಳ ಹೊಣೆ.

ರಾಜೇಶ್ವರಿಯವರ ದಾರಿಯನ್ನು ಹಂತ ಹಂತವಾಗಿ ನೋಡಿದರೆ ಕೊಂಡಿಗಳು ಒಂದೊಂದಾಗಿ ಕಾಣುತ್ತವೆ. ಶಾಲೆ ಮುಗಿದಾಗ ಇತಿಹಾಸದ ಕಡೆಗೂ ಮನಸ್ಸಿತ್ತು. ಕೊನೆಗೆ ಆರಿಸಿಕೊಂಡದ್ದು ಭೌತಶಾಸ್ತ್ರ, ಗಣಿತ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಬಿ.ಎಸ್ಸಿ. ಆನರ್ಸ್, ಅದರ ಮೇಲೆ ಎಂ.ಎಸ್ಸಿ. ಎರಡರಲ್ಲೂ ಮೈಸೂರು ವಿಶ್ವವಿದ್ಯಾನಿಲಯಕ್ಕೇ ಮೊದಲಿಗರು. ಮುಮ್ಮಡಿ ಕೃಷ್ಣರಾಜ ಒಡೆಯರ್ ಪ್ರಶಸ್ತಿ, ಎಂ.ಟಿ. ನಾರಾಯಣ ಅಯ್ಯಂಗಾರ್ ಬಹುಮಾನ, ವಾಲ್ಟರ್ಸ್ ಸ್ಮಾರಕ ಬಹುಮಾನ ಅವರ ಪಾಲಾದವು. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗಕ್ಕೆ ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದರು. ಅದಕ್ಕೂ ಹತ್ತು ವರ್ಷ ಮೊದಲು, 1933ರಲ್ಲಿ, ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿ ಅದೇ ಸಂಸ್ಥೆಯ ಬಾಗಿಲು ತಟ್ಟಿದಾಗ ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸರ್ ಸಿ.ವಿ. ರಾಮನ್ ಮೊದಲು ನಿರಾಕರಿಸಿ, ಆಮೇಲೆ ಷರತ್ತು ಹಾಕಿ ಸೇರಿಸಿಕೊಂಡಿದ್ದರು. ಕಮಲಾ ಅಂದು ಜಗಳವಾಡಿ ತೆರೆಸಿದ ಬಾಗಿಲಲ್ಲೇ ಮುಂದಿನವರು ನಡೆದುಹೋದರು. 1946ರಲ್ಲಿ ದೆಹಲಿಯ ಮಧ್ಯಂತರ ಸರ್ಕಾರ ವಿದೇಶದಲ್ಲಿ ಓದಲು ಪ್ರತಿಭಾವಂತರನ್ನು ಆರಿಸಿದಾಗ ರಾಜೇಶ್ವರಿಯವರಿಗೆ ವಿದ್ಯಾರ್ಥಿವೇತನ ಸಿಕ್ಕಿತು. ಸ್ವಾತಂತ್ರ್ಯಕ್ಕೆ ಒಂದು ತಿಂಗಳು ಇರುವಾಗ, 1947ರ ಜುಲೈಯಲ್ಲಿ, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯ ಸೇರಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗದಿಂದ ಸ್ನಾತಕೋತ್ತರ ಪದವಿ ಪಡೆದರು. 1949ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರೇಡಿಯೋ ತರಂಗಗಳ ಅಳತೆಯ ತರಬೇತಿ ಪಡೆದರು. ಮುಂದಿನ ಓದಿಗೆ ದುಡ್ಡು ಬೇಕಾದಾಗ ಬಾರ್ಬರ್ ವಿದ್ಯಾರ್ಥಿವೇತನ ಕೈ ಹಿಡಿಯಿತು. ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಮಿಶಿಗನ್ನಿನಲ್ಲಿ ಇಟ್ಟ ನಿಧಿ ಅದು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಕೂಡ ಅದರಲ್ಲೇ ಓದಿದವರು. 1953ರ ಆರಂಭದಲ್ಲಿ ವಿಲಿಯಂ ಗೌಲ್ಡ್ ಡೋ ಅವರ ಮಾರ್ಗದರ್ಶನದಲ್ಲಿ ಪಿಎಚ್‌.ಡಿ. ಮುಗಿಸಿ ಹಿಂದಿರುಗಿದಾಗ ಬೆಂಗಳೂರಿನಲ್ಲಿ ಹುದ್ದೆ ಕಾದಿತ್ತು. ಶಾಲೆ, ಕಾಲೇಜು, ಸರ್ಕಾರದ ಹಣ, ಹೆಣ್ಣುಮಕ್ಕಳಿಗೇ ಮೀಸಲಾದ ನಿಧಿ, ಕೊನೆಗೆ ಕಾಯಂ ಹುದ್ದೆ ಎಂಬ ಐದರಲ್ಲಿ ಒಂದು ತಪ್ಪಿದ್ದರೂ ಛಲವೊಂದೇ ಅವರನ್ನು ದಡ ಸೇರಿಸುತ್ತಿತ್ತು ಎಂದು ನಂಬುವುದು ಕಷ್ಟ.

ರಾಜೇಶ್ವರಿ ಗಣಿತ ಬಿಟ್ಟು ಎಂಜಿನಿಯರಿಂಗ್‌ಗೆ ಹೋದವರು, ಅವರನ್ನು ಗಣಿತದ ಲೆಕ್ಕಕ್ಕೆ ಸೇರಿಸುವುದು ಎಷ್ಟು ಸರಿ ಎಂದು ಯಾರಾದರೂ ಕೇಳಬಹುದು. ಉತ್ತರ ಇವತ್ತು ಪ್ರತಿ ಊರಿನ ತಾರಸಿಯ ಮೇಲಿದೆ. ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದಂಥ ಹಳ್ಳಿಯಲ್ಲೂ ಟೀವಿಗೆಂದು ಡಿಶ್ ಕೂರಿಸಿರುತ್ತಾರೆ. ಅದರ ಬಾಗು ಪರವಲಯದ ಬಾಗು. ಪರವಲಯದ ಮೇಲಿನ ಯಾವ ಬಿಂದುವನ್ನು ತೆಗೆದುಕೊಂಡರೂ, ನಾಭಿ ಎಂಬ ನಿಗದಿತ ಬಿಂದುವಿಗೂ ನಿಯತರೇಖೆ ಎಂಬ ನಿಗದಿತ ಗೆರೆಗೂ ಅದರಿಂದ ಇರುವ ದೂರ ಒಂದೇ. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹದಿಂದ ಬರುವ ತರಂಗಗಳು ನಮ್ಮನ್ನು ಮುಟ್ಟುವಷ್ಟರಲ್ಲಿ ಒಂದಕ್ಕೊಂದು ಸಮಾಂತರವಾಗಿರುತ್ತವೆ. ಡಿಶ್ಶಿಗೆ ಬಡಿದು ನಾಭಿಗೆ ಪುಟಿಯುವ ಪ್ರತಿ ತರಂಗ ಕ್ರಮಿಸಿದ ದೂರ, ಅದು ಬಾಗದೆ ನೇರವಾಗಿ ನಿಯತರೇಖೆಯವರೆಗೆ ಹೋಗಿದ್ದರೆ ಎಷ್ಟಾಗುತ್ತಿತ್ತೋ ಅಷ್ಟೇ. ಹಾಗಾಗಿ ಅಂಚಿಗೆ ಬಡಿದದ್ದೂ ನಡುವಿಗೆ ಬಡಿದದ್ದೂ ಒಂದೇ ಹೊತ್ತಿಗೆ, ಹೆಜ್ಜೆ ತಪ್ಪದೆ ನಾಭಿಯನ್ನು ತಲುಪುತ್ತವೆ. ಅಲ್ಲಿ ಸೇರಿ ಬಲಗೊಳ್ಳುತ್ತವೆ. ಈ ತರಂಗಗಳ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಡಿಶ್ಶಿನಲ್ಲಿ ಅರ್ಧ ಸೆಂಟಿಮೀಟರ್ ತಗ್ಗು ಬಿದ್ದರೆ ಆ ಜಾಗದ ತರಂಗದ ದಾರಿ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಷ್ಟು ಬದಲಾಗಿ, ಹೆಜ್ಜೆ ತಪ್ಪಿ, ಸಿಗ್ನಲ್ ಸೊರಗುತ್ತದೆ. ತಗಡಿನ ಬೆಲೆಗಿಂತ ಅದರ ಬಾಗಿನ ನಿಖರತೆ ದೊಡ್ಡದು. ರಾಜೇಶ್ವರಿಯವರು ಜೀವಮಾನವಿಡೀ ದುಡಿದದ್ದು ಇಂಥ ಪ್ರಶ್ನೆಗಳ ಮೇಲೆ. ಆಂಟೆನಾಗಳು, ಅದರಲ್ಲೂ ವಿದ್ಯುತ್ ಹರಿಸದ ಪರಾವೈದ್ಯುತ ವಸ್ತುಗಳಿಂದ ಮಾಡಿದ ಆಂಟೆನಾಗಳು ಅವರ ಕ್ಷೇತ್ರ. ಇಂಥ ತರಂಗಗಳನ್ನು ವಿವರಿಸುವ ಮ್ಯಾಕ್ಸ್‌ವೆಲ್ಲನ ಸಮೀಕರಣಗಳು ಎಲ್ಲ ಕಡೆಗೂ ಒಂದೇ. ಸರಳಿಗೊಂದು, ಗೋಳಕ್ಕೊಂದು ಬೇರೆ ಬೇರೆ ಉತ್ತರ ಬರುವುದು ಮೇಲ್ಮೈಯ ಆಕಾರದಿಂದ. ಆಕಾರ ಸಿಲಿಂಡರಾದರೆ ಬೆಸೆಲ್ ಉತ್ಪನ್ನಗಳು, ಗೋಳವಾದರೆ ಲೆಜೆಂಡರ್ ಉತ್ಪನ್ನಗಳು ಎದುರಾಗುತ್ತವೆ. ಗಣಿತದ ಎಂ.ಎಸ್ಸಿ. ಮಾಡಿದವರಿಗೆ ಈ ಲೋಕ ಪರಕೀಯವಲ್ಲ. ನೂರಕ್ಕೂ ಹೆಚ್ಚು ಸಂಶೋಧನಾ ಲೇಖನ, ಏಳು ಪುಸ್ತಕ, ಮಾರ್ಗದರ್ಶನದಲ್ಲಿ ಪಿಎಚ್‌.ಡಿ. ಪಡೆದ 20 ಮಂದಿ ಎಂಬ ಅವರ ಲೆಕ್ಕದಲ್ಲಿ ಸೆಂಟ್ರಲ್ ಕಾಲೇಜಿನ ಗಣಿತದ ಪಾಲು ಸಣ್ಣದಲ್ಲ.

ಶುದ್ಧ ಗಣಿತವೇ ಬೇಕೆನ್ನುವವರಿಗೆ ಬೆಂಗಳೂರಿನಲ್ಲೇ ಓದಿದ ಇನ್ನೊಬ್ಬರಿದ್ದಾರೆ. ಸುಜಾತಾ ರಾಮದೊರೈ 1982ರಲ್ಲಿ ಸೇಂಟ್ ಜೋಸೆಫ್ಸ್ ಕಾಲೇಜಿನಿಂದ ಬಿ.ಎಸ್ಸಿ. ಪಡೆದರು. ಎಂ.ಎಸ್ಸಿ. ಮಾಡಿದ್ದು ಅಣ್ಣಾಮಲೈ ವಿಶ್ವವಿದ್ಯಾಲಯದಿಂದ, ಅದೂ ಅಂಚೆ ಮೂಲಕ, 1985ರಲ್ಲಿ. ಅಲ್ಲಿಂದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ, ರಾಮನ್ ಪರಿಮಳಾ ಅವರ ಮಾರ್ಗದರ್ಶನದಲ್ಲಿ 1992ರಲ್ಲಿ ಪಿಎಚ್‌.ಡಿ. ಪಡೆದರು. ಪ್ರಬಂಧದ ವಿಷಯ ವಾಸ್ತವ ಮೇಲ್ಮೈಗಳ ವಿಟ್ ಗುಂಪುಗಳು ಮತ್ತು ಜ್ಯಾಮಿತಿ. ಅಲ್ಲಿಂದ ಅವರು ದೀರ್ಘವೃತ್ತೀಯ ವಕ್ರಗಳ ಅಂಕಗಣಿತದ ಕಡೆಗೆ ಹೊರಳಿದರು. ಹೆಸರು ಕೇಳಿ ಹೆದರಬೇಕಾಗಿಲ್ಲ, ಇದರ ಹೊಸ್ತಿಲು ಪಿಯುಸಿ ಓದುವವರಿಗೂ ಎಟುಕುತ್ತದೆ. ವೈ ವರ್ಗ ಸಮ ಎಕ್ಸ್ ಘನ ಕೂಡಿಸು 17 ಎಂಬ ವಕ್ರವನ್ನು ತೆಗೆದುಕೊಳ್ಳಿ. ಎಕ್ಸ್‌ಗೆ -2 ಕೊಟ್ಟರೆ ಬಲಗಡೆ 9, ಅಂದರೆ ವೈ 3. ಎಕ್ಸ್‌ಗೆ -1 ಕೊಟ್ಟರೆ 16, ವೈ 4. ಈ ಎರಡು ಬಿಂದುಗಳನ್ನು ಸೇರಿಸಿ ಗೆರೆ ಎಳೆದರೆ ಅದು ವಕ್ರವನ್ನು ಮೂರನೆಯ ಕಡೆ ಕತ್ತರಿಸುತ್ತದೆ. ಅಲ್ಲಿ ಎಕ್ಸ್ 4, ವೈ 9. ತಾಳೆ ನೋಡಿ: 4ರ ಘನ 64, ಅದಕ್ಕೆ 17 ಕೂಡಿಸಿದರೆ 81, ಅದು 9ರ ವರ್ಗ. ಕೈಯಲ್ಲಿದ್ದ ಎರಡು ಉತ್ತರಗಳಿಂದ ಅಡಿಪಟ್ಟಿಯೊಂದು ಮೂರನೆಯ ಉತ್ತರವನ್ನು ಹುಟ್ಟಿಸಿತು. ಹೀಗೆ ಎಷ್ಟು ಬಿಂದುಗಳಿಂದ ಶುರುಮಾಡಿದರೆ ಒಂದು ವಕ್ರದ ಎಲ್ಲ ಭಿನ್ನರಾಶಿ ಬಿಂದುಗಳೂ ಸಿಕ್ಕಾವು ಎಂಬುದರ ಹಿಂದೆ ಬಿದ್ದರೆ, 2000ನೇ ಇಸವಿಯಲ್ಲಿ ತಲಾ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟ ಏಳು ಸಮಸ್ಯೆಗಳಲ್ಲಿ ಒಂದಾದ ಬರ್ಚ್ ಮತ್ತು ಸ್ವಿನ್ನರ್ಟನ್-ಡಯರ್ ಊಹೆಗೆ ಹೋಗಿ ಮುಟ್ಟುತ್ತೇವೆ. ಸುಜಾತಾ ಅವರ ಕೆಲಸ ಅದರ ನೆರೆಹೊರೆಯ ಇವಾಸಾವಾ ಸಿದ್ಧಾಂತದಲ್ಲಿದೆ. 2004ರಲ್ಲಿ ಭಟ್ನಾಗರ್ ಪ್ರಶಸ್ತಿ, 2006ರಲ್ಲಿ ಇಟಲಿಯ ಐಸಿಟಿಪಿ ಸಂಶೋಧನಾ ಕೇಂದ್ರದ ರಾಮಾನುಜನ್ ಬಹುಮಾನ, 2023ರಲ್ಲಿ ಪದ್ಮಶ್ರೀ ಬಂದವು. ರಾಮಾನುಜನ್ ಬಹುಮಾನ ಪಡೆದ ಮೊದಲ ಭಾರತೀಯರು ಅವರೇ. ಈಗ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದಾರೆ. ನಮ್ಮ ವಾದಕ್ಕೆ ಮುಖ್ಯವಾದದ್ದು ಈ ಪಟ್ಟಿಯ ಬುಡದಲ್ಲಿರುವ ಅಂಚೆ ಶಿಕ್ಷಣದ ಎಂ.ಎಸ್ಸಿ. ನಿತ್ಯದ ತರಗತಿಗೆ ಹೋಗಲಾಗದವರಿಗೂ ಒಂದು ಎರಡನೆಯ ಬಾಗಿಲು ತೆರೆದಿತ್ತು. ಆ ಬಾಗಿಲಿಂದ ಬಂದವರನ್ನು ಟಾಟಾ ಸಂಸ್ಥೆ ಹೊರಗಿಡಲಿಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ನಿಜವಾದ ಪ್ರತಿಭೆಯನ್ನು ಯಾರು ತಡೆದಾರು, ರಾಮಾನುಜನ್ ಯಾವ ಕೊಂಡಿ ಹಿಡಿದು ಮೇಲೆ ಬಂದರು ಎಂದು ಕೇಳುವವರಿದ್ದಾರೆ. ರಾಮಾನುಜನ್ನರ ಕಥೆ ಹೇಳುವುದು ಇದರ ಉಲ್ಟಾ, ಅದೂ ಬೆಂಗಳೂರಿನ ನಂಟಿನೊಂದಿಗೆ. ರಾಜೇಶ್ವರಿಯವರಿಗೆ ಸಿಕ್ಕ ಬಹುಮಾನದ ಹೆಸರಿನಲ್ಲಿರುವ ಎಂ.ಟಿ. ನಾರಾಯಣ ಅಯ್ಯಂಗಾರ್ ಸೆಂಟ್ರಲ್ ಕಾಲೇಜಿನ ಗಣಿತ ಪ್ರಾಧ್ಯಾಪಕರು, ಇಂಡಿಯನ್ ಮ್ಯಾಥಮೆಟಿಕಲ್ ಸೊಸೈಟಿಯ ಪತ್ರಿಕೆಯ ಸಂಪಾದಕರು. ಬರ್ನೂಲಿ ಸಂಖ್ಯೆಗಳ ಮೇಲಿನ ರಾಮಾನುಜನ್ನರ ಮೊದಲ ಪ್ರಬಂಧ 1911ರಲ್ಲಿ ಅಚ್ಚಾದದ್ದು ಅವರ ಕೈಯಲ್ಲೇ. ಕೈಬರಹ ಬಂದಾಗ ಅದರ ಗಣಿತ ಹೊಸದು, ನಿರೂಪಣೆ ಮಾತ್ರ ಮಾಮೂಲಿ ಓದುಗರಿಗೆ ತಲೆಬುಡ ತಿಳಿಯದಂತಿತ್ತು. ಕಾಲೇಜು ಪರೀಕ್ಷೆಯಲ್ಲಿ ಫೇಲಾದ ಯುವಕನ ಬರಹವನ್ನು ಕಸದ ಬುಟ್ಟಿಗೆ ಹಾಕಿದ್ದರೆ ಕೇಳುವವರಿರಲಿಲ್ಲ. ಅಯ್ಯಂಗಾರರು ಅದನ್ನು ತಿದ್ದಲು ಹಿಂದಕ್ಕೆ ಕಳಿಸಿದರು, ಬಂದದ್ದನ್ನು ಮತ್ತೆ ಕಳಿಸಿದರು, ಅಚ್ಚಿಗೆ ಯೋಗ್ಯವಾಗುವವರೆಗೂ ಬಿಡಲಿಲ್ಲ. ಕೇಂಬ್ರಿಜ್ಜಿನ ಹಾರ್ಡಿಯ ಹೆಸರು ಎಲ್ಲರಿಗೂ ಗೊತ್ತು. ಹಾರ್ಡಿಗೆ ಪತ್ರ ಬರೆಯುವ ಹೊತ್ತಿಗೆ ರಾಮಾನುಜನ್ ಪ್ರಕಟಿತ ಗಣಿತಜ್ಞರಾಗಿದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಎಲ್ಲ ಅಡೆತಡೆ ಮೀರಿ ಬೆಳೆದ ಪ್ರತಿಭೆಗೆ ನಾವು ಕೊಡುವ ಅತಿ ದೊಡ್ಡ ಉದಾಹರಣೆಯಲ್ಲೇ ತಾಳ್ಮೆಯ ಮೇಷ್ಟ್ರು ಒಬ್ಬರು ಕೂತಿದ್ದಾರೆ. ಮೇಷ್ಟ್ರು ಸಿಗದೆ ಕಳೆದುಹೋದವರ ಹೆಸರು ನಮಗೆ ಗೊತ್ತಿಲ್ಲದಿರುವುದರಿಂದ ಯಾರೂ ಕಳೆದುಹೋಗಲಿಲ್ಲ ಎಂದುಕೊಳ್ಳುತ್ತೇವೆ. ಗೆದ್ದವರನ್ನಷ್ಟೇ ಎಣಿಸಿ ದಾರಿ ಸುಗಮವಾಗಿದೆ ಎನ್ನುವ ತರ್ಕ ಲೆಕ್ಕದ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ವಕೀಲರ ಮಗಳು, ಪದವೀಧರೆ ಅಜ್ಜಿಯ ಮೊಮ್ಮಗಳು, ಇಂಗ್ಲಿಷ್ ಶಾಲೆಯಲ್ಲಿ ಕಲಿತವರು. ಇಂಥ ಅನುಕೂಲದ ಬದುಕನ್ನು ಹಳ್ಳಿಯ ಹುಡುಗಿಗೆ ಮಾದರಿಯೆಂದು ತೋರಿಸುವುದು ಯಾವ ನ್ಯಾಯ? ಆಕ್ಷೇಪ ನಿಜ, ಅದನ್ನು ಹಾಗೇ ಒಪ್ಪಬೇಕು. ಎರಡು ಬದುಕುಗಳಿಂದ ಸಂಖ್ಯಾಶಾಸ್ತ್ರವೂ ಆಗುವುದಿಲ್ಲ. ಆದರೆ ಅನುಕೂಲವಂತರ ಬದುಕಿನಿಂದ ಒಂದು ಉಪಯೋಗವಿದೆ. ಒಂದು ವೃತ್ತಿಬದುಕಿಗೆ ಏನೇನು ಬೇಕು ಎಂಬ ಸಾಮಾನು ಪಟ್ಟಿ ಅಲ್ಲಿ ಪೂರ್ತಿಯಾಗಿ ಸಿಗುತ್ತದೆ. ಸಂತಾನ ವೇಣುಗೋಪಾಲಸ್ವಾಮಿಯ ಊರು ಹೆಮ್ಮರಗಾಲ. ಮಕ್ಕಳಾಗಲೆಂದು ಎಲ್ಲೆಲ್ಲಿಂದಲೋ ದಂಪತಿಗಳು ಬಂದು ಹರಕೆ ಹೊರುವ ಕ್ಷೇತ್ರ. ಹಾಗೆ ಬೇಡಿ ಪಡೆದ ಮಗಳು ಹದಿನಾರನೆಯ ವಯಸ್ಸಿನಲ್ಲಿ ಗಣಿತ ಓದುತ್ತೇನೆ ಎಂದಳು ಅಂದುಕೊಳ್ಳೋಣ. ಮೊದಲ ತೊಡಕು ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಬರುತ್ತದೆ. ಹತ್ತಿರದ ಪಿಯು ಕಾಲೇಜಿನಲ್ಲಿ ಕಲೆ, ವಾಣಿಜ್ಯ ಇದ್ದು ವಿಜ್ಞಾನ ಇಲ್ಲದಿದ್ದರೆ ಅವಳ ಗಣಿತ ಅಲ್ಲಿಗೇ ನಿಂತಿತು. ನಂಜನಗೂಡಿಗೋ ಮೈಸೂರಿಗೋ ನಿತ್ಯ ಹೋಗಿಬರುವುದಾದರೆ ಬಸ್ಸು ಬೇಕು, ಟಿಕೆಟ್ಟಿನ ದುಡ್ಡು ಬೇಕು, ಕತ್ತಲಾಗುವ ಮುನ್ನ ಮನೆ ಸೇರುವಂತಿರಬೇಕು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯನ್ನು ದೇವಸ್ಥಾನಗಳ ಪ್ರವಾಸದ ಯೋಜನೆಯೆಂದು ಗೇಲಿ ಮಾಡಿದವರು ಈ ಹುಡುಗಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಟಿಕೆಟ್ಟಿನ ಮಟ್ಟಿಗೆ ಅದು ಒಂದು ಕೊಂಡಿಯನ್ನು ಬೆಸೆದಿದೆ. ಬಸ್ಸೇ ಬಾರದ ಊರಿಗೆ, ಸಂಜೆಯ ಕೊನೆಯ ಬಸ್ಸು ಪ್ರಾಯೋಗಿಕ ತರಗತಿ ಮುಗಿಯುವ ಮೊದಲೇ ಹೊರಟುಬಿಡುವ ಊರಿಗೆ ಅದರಿಂದ ಪ್ರಯೋಜನವಿಲ್ಲ.

ಎರಡನೆಯ ತೊಡಕು ಮಾಧ್ಯಮದ್ದು. ಹತ್ತನೆಯ ತರಗತಿಯವರೆಗೆ ಪರವಲಯ, ಸಮಾಂತರ, ಲಂಬ ಎಂದು ಕಲಿತವಳಿಗೆ ಪಿಯುಸಿ ವಿಜ್ಞಾನ ಬಹುಪಾಲು ಇಂಗ್ಲಿಷಿನಲ್ಲಿ ಎದುರಾಗುತ್ತದೆ. ಗಣಿತ ಬಲ್ಲವಳೇ ಮೊದಲ ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದು, ತನಗೆ ಗಣಿತ ಬಾರದೆಂದು ತಾನೇ ತೀರ್ಮಾನಿಸಿಬಿಡುವ ಅಪಾಯ ಇರುವುದು ಇಲ್ಲಿ. ಕನ್ನಡದಲ್ಲಿ ಉನ್ನತ ಗಣಿತ ಸಾಧ್ಯವಿಲ್ಲ, ಆದ್ದರಿಂದ ಇದು ಅನಿವಾರ್ಯ ಎನ್ನುತ್ತಾರೆ. ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲಿ ಬರೆದಿದ್ದ ಭಾಷೆಗೆ ಈ ಮಾತು ಒಪ್ಪುವುದಿಲ್ಲ. ಹಾಗೆಂದು ಪಿಎಚ್‌.ಡಿ.ಯವರೆಗೂ ಕನ್ನಡವೇ ಇರಲಿ ಎಂಬುದೂ ವ್ಯವಹಾರಕ್ಕೆ ದೂರ, ಲೋಕದ ಗಣಿತ ಪತ್ರಿಕೆಗಳ ಭಾಷೆ ಇಂಗ್ಲಿಷು. ಬೇಕಾದದ್ದು ನಡುವಿನ ಸೇತುವೆ. ಮೊದಲ ಪಿಯುಸಿಯ ಆರಂಭದ ಕೆಲವು ತಿಂಗಳು ಎರಡೂ ಭಾಷೆಯಲ್ಲಿ ಪಾಠ, ಎರಡೂ ಭಾಷೆಯ ಪದಗಳಿರುವ ಪಠ್ಯ, ಎರಡರಲ್ಲೂ ಉತ್ತರ ಬರೆಯುವ ಅವಕಾಶ ಕೊಟ್ಟರೆ ಸಾಕು. ರಾಜೇಶ್ವರಿಯವರಿಗೆ ಈ ಸೇತುವೆಯನ್ನು ಅಜ್ಜಿಯ ಶಾಲೆ ಚಿಕ್ಕಂದಿನಲ್ಲೇ ಕಟ್ಟಿಕೊಟ್ಟಿತ್ತು. ಆ ಅಜ್ಜಿ ಮಾಡಿದ ಕೆಲಸವನ್ನು ಸರ್ಕಾರಿ ಕಾಲೇಜು ಮಾಡಬೇಕು, ಅಷ್ಟೇ.

ಮೂರನೆಯ ತೊಡಕು ಪದವಿಯ ನಂತರದ್ದು. ಮದುವೆಯ ಮಾತು ಬರುವ ವಯಸ್ಸೂ ಎಂ.ಎಸ್ಸಿ. ಸೇರುವ ವಯಸ್ಸೂ ಒಂದೇ. ಮದುವೆಯಾಗಿ ಬೇರೆ ಊರಿಗೆ ಹೋದವಳು ನಿತ್ಯದ ತರಗತಿಗೆ ಹೋಗಲಾರಳು, ಮನೆಯಲ್ಲಿ ಕೂತು ಓದಬಲ್ಲಳು. ಪ್ರಯೋಗಾಲಯ ಬೇಡದ ಗಣಿತಕ್ಕೆ ದೂರಶಿಕ್ಷಣ ಒಗ್ಗಿದಷ್ಟು ವಿಜ್ಞಾನದ ಬೇರೆ ವಿಷಯಗಳಿಗೆ ಒಗ್ಗುವುದಿಲ್ಲ. ಸುಜಾತಾ ಅವರ ಬದುಕು ಇದಕ್ಕೆ ಸಾಕ್ಷಿ. ನಂಜನಗೂಡಿಗೆ ಕೂಗಳತೆಯಲ್ಲಿ, ಮೈಸೂರಿನ ಮುಕ್ತಗಂಗೋತ್ರಿಯಲ್ಲಿ 1996ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ. ಅದಕ್ಕೂ ಮೊದಲು 1969ರಿಂದ ಮೈಸೂರು ವಿಶ್ವವಿದ್ಯಾನಿಲಯವೇ ಅಂಚೆ ಮೂಲಕ ಕಲಿಸುತ್ತಿತ್ತು. ಅಂಥ ಪರಂಪರೆಯ ಸಂಸ್ಥೆ 2013-14ರ ಸಾಲಿನಿಂದ ಯುಜಿಸಿ ಮಾನ್ಯತೆ ಕಳೆದುಕೊಂಡು, ಅದನ್ನು ಮರಳಿ ಪಡೆದದ್ದು 2018ರಲ್ಲಿ. ಆ ನಡುವಿನ ವರ್ಷಗಳಲ್ಲಿ ಆಡಳಿತಗಾರರು, ನಿಯಂತ್ರಕರು ಪರಸ್ಪರ ಪತ್ರ ಬರೆದುಕೊಂಡರು, ಕೋರ್ಟು ಹತ್ತಿದರು. ಮನೆಯಲ್ಲಿ ಕೂತು ಓದುವವರಿಗೆ ಇದ್ದ ಹತ್ತಿರದ ಬಾಗಿಲು ಮುಚ್ಚಿತ್ತು. ದೂರಶಿಕ್ಷಣದ ಪದವಿಗೆ ಗುಣಮಟ್ಟವಿಲ್ಲ ಎಂಬ ದೂರು ಬಹಳ ಕಡೆ ನಿಜವೂ ಹೌದು. ಮದ್ದು ಅದನ್ನು ಮುಚ್ಚುವುದರಲ್ಲಿಲ್ಲ. ಗಟ್ಟಿ ಪಠ್ಯ, ವಾರಾಂತ್ಯದ ಸಂಪರ್ಕ ತರಗತಿ, ಕಟ್ಟುನಿಟ್ಟಿನ ಪರೀಕ್ಷೆಯಿಂದ ಅದನ್ನು ಸರಿಪಡಿಸಬಹುದು. ಮುಂದಿನ ಹಂತದ ಸಂಸ್ಥೆಗಳು ಪ್ರಮಾಣಪತ್ರದ ಹಣೆಬರಹ ಓದದೆ, ಬಂದವರಿಗೆ ಏನು ಗೊತ್ತು ಎಂದು ಪರೀಕ್ಷಿಸಿದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಹೆಣ್ಣುಮಕ್ಕಳು ಈಗಾಗಲೇ ಮುಂದಿದ್ದಾರಲ್ಲ ಎಂಬುದು ಮೂರನೆಯ ಆಕ್ಷೇಪ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದಲ್ಲಿ ಹುಡುಗಿಯರೇ ಮೇಲುಗೈ ಎಂಬ ತಲೆಬರಹ ಕಾಯಂ. ತಲೆಬರಹ ಸುಳ್ಳಲ್ಲ. ಹಾಗಾದರೆ ಮೆಟ್ಟಿಲು ಏರಿದಂತೆಲ್ಲ ಅವರ ಸಂಖ್ಯೆ ಕರಗುವುದೇಕೆ? ಗಣಿತದ ಅತಿದೊಡ್ಡ ಗೌರವವಾದ ಫೀಲ್ಡ್ಸ್ ಪದಕ 1936ರಿಂದ 2022ರವರೆಗೆ ಘೋಷಣೆಯಾದದ್ದು 64 ಮಂದಿಗೆ. ಅವರಲ್ಲಿ ಮಹಿಳೆಯರು ಇಬ್ಬರು, 2014ರಲ್ಲಿ ಇರಾನಿನ ಮರಿಯಂ ಮಿರ್ಜಾಖಾನಿ, 2022ರಲ್ಲಿ ಉಕ್ರೇನಿನ ಮರೀನಾ ವಿಯಾಜೊವ್ಸ್ಕಾ. ಇಬ್ಬರ ಕೆಲಸವೂ ಜ್ಯಾಮಿತಿಗೆ ಅಂಟಿಕೊಂಡದ್ದು, ಒಬ್ಬರದು ವಕ್ರ ಮೇಲ್ಮೈಗಳು, ಇನ್ನೊಬ್ಬರದು ಗೋಳಗಳನ್ನು ಒತ್ತೊತ್ತಾಗಿ ಜೋಡಿಸುವ ಸಮಸ್ಯೆ. ಹೆಂಗಸರಿಗೆ ಆಕಾರ, ಸ್ಥಳಾವಕಾಶಗಳ ಕಲ್ಪನೆ ಕಡಿಮೆ ಎಂಬ ಹಳೆಯ ಹರಟೆಗೆ ಇಷ್ಟು ಉತ್ತರ ಸಾಕು. ಈ ಪದಕಕ್ಕೆ 40 ವರ್ಷದ ಮಿತಿಯಿದೆ, ನಮ್ಮ ಭಟ್ನಾಗರ್ ಪ್ರಶಸ್ತಿಗೆ 45ರ ಮಿತಿ ಇತ್ತು. ಹೆರಿಗೆ, ಮಕ್ಕಳ ಪಾಲನೆಯ ವರ್ಷಗಳೂ ಸಂಶೋಧನೆಯ ಫಲ ಕಾಣುವ ವರ್ಷಗಳೂ ಒಂದರ ಮೇಲೊಂದು ಬೀಳುವಾಗ ವಯಸ್ಸಿನ ಗೆರೆ ಗಂಡಸಿಗೂ ಹೆಂಗಸಿಗೂ ಸಮಾನವಾಗಿ ಎಳೆದದ್ದು ಎನ್ನಲಾಗದು.

ಹುದ್ದೆಯ ವಿಷಯದಲ್ಲಿ ಅಮೆರಿಕವೂ ಸಾಚಾ ಅಲ್ಲ. 2019ರಲ್ಲಿ ಅಬೆಲ್ ಬಹುಮಾನ ಪಡೆದ ಮೊದಲ ಮಹಿಳೆ ಕ್ಯಾರನ್ ಉಲೆನ್‌ಬೆಕ್ ಜ್ಯಾಮಿತೀಯ ವಿಶ್ಲೇಷಣೆಯಲ್ಲಿ ಹೆಸರಾದವರು. 1968ರಲ್ಲಿ ಪಿಎಚ್‌.ಡಿ. ಮುಗಿಸಿ ಕೆಲಸ ಹುಡುಕುವಾಗ, ಗಂಡನನ್ನು ಸೇರಿಸಿಕೊಳ್ಳಲು ಆಸಕ್ತಿ ತೋರಿದ ದೊಡ್ಡ ವಿಶ್ವವಿದ್ಯಾಲಯಗಳು ಗಂಡ-ಹೆಂಡಿರನ್ನು ಒಟ್ಟಿಗೆ ನೇಮಿಸುವಂತಿಲ್ಲ ಎಂಬ ನಿಯಮ ತೋರಿಸಿ ಇವರನ್ನು ಬಿಟ್ಟವು. ಹೆಂಗಸರು ಮನೆಯಲ್ಲಿರಬೇಕು ಎಂಬ ಮಾತನ್ನೂ ಅವರು ಕೇಳಬೇಕಾಯಿತು. ಅದಕ್ಕೆ ಹದಿನೈದು ವರ್ಷ ಮುಂಚೆ, 1953ರಲ್ಲಿ, ರಾಜೇಶ್ವರಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂವಹನ ವಿಭಾಗಕ್ಕೆ ಸೇರಿದ ವರ್ಷವೇ ಅದೇ ವಿಭಾಗದ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಸಂಸ್ಥೆ ಇಬ್ಬರನ್ನೂ ಉಳಿಸಿಕೊಂಡಿತು. ಇಬ್ಬರೂ ಸೇರಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. ಮುಂದೆ ರಾಜೇಶ್ವರಿಯವರು ವಿಭಾಗದ ಮುಖ್ಯಸ್ಥರೂ ಆದರು, 1982ರಲ್ಲಿ ನಿವೃತ್ತರಾಗುವವರೆಗೂ ದುಡಿದರು. ಒಂದು ನಿಯಮ ಇಲ್ಲದ್ದರಿಂದ ಬಂದ ಲಾಭವೆಷ್ಟು ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಗದು. ಇಂದು ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ವರ್ಷದಿಂದ ವರ್ಷಕ್ಕೆ ಕಾದು ಪಾಠ ಮಾಡುತ್ತಿದ್ದಾರೆ. ಎಂ.ಎಸ್ಸಿ. ಗಣಿತ ಮುಗಿಸಿದ ಹೆಣ್ಣುಮಗಳಿಗೆ ಮುಂದೆ ಕಾಣುವ ವೃತ್ತಿ ಅದೇ ಆದರೆ, ಅವಳು ಬಿ.ಎಡ್. ಮಾಡಿಕೊಂಡೋ ಬ್ಯಾಂಕ್ ಪರೀಕ್ಷೆ ಬರೆದೋ ಹೊರಟುಹೋದರೆ, ಅದನ್ನು ಆಸಕ್ತಿಯ ಕೊರತೆ ಎಂದು ಕರೆಯುವುದು ಅನ್ಯಾಯ. ಅವಳು ಮಾಡಿದ್ದು ಸರಿಯಾದ ಲೆಕ್ಕ.

ಕೊನೆಯ ಆಕ್ಷೇಪ ಹೊಟ್ಟೆಪಾಡಿನದು. ಬಡ ಮನೆಯ ಹುಡುಗಿಗೆ ಬೇಕಾದದ್ದು ಕೆಲಸ, ಜ್ಯಾಮಿತಿ ಕಟ್ಟಿಕೊಂಡು ಏನು ಮಾಡುತ್ತಾಳೆ? ಈ ಪ್ರಶ್ನೆಗೆ ರಾಜೇಶ್ವರಿಯವರ ಬದುಕೇ ಉತ್ತರ. ಎರಡನೇ ಮಹಾಯುದ್ಧದ ಕಾಲದಲ್ಲಿ ಗಣಿತ ಓದಿದ ಹುಡುಗಿಗೆ ರೇಡಾರ್, ಉಪಗ್ರಹ ಸಂವಹನಗಳ ಕಾಲ ಬರಲಿದೆ ಎಂದು ಯಾರೂ ಹೇಳಿರಲಿಲ್ಲ. ಬುಡ ಗಟ್ಟಿಯಿದ್ದದ್ದರಿಂದ ಆ ಕಾಲ ಬಂದಾಗ ಅವರು ಕಲಿಯುವವರ ಸಾಲಿನಲ್ಲಿರಲಿಲ್ಲ, ಕಲಿಸುವವರ ಸಾಲಿನಲ್ಲಿದ್ದರು. ಮೊಬೈಲ್ ಟವರ್, ವೈದ್ಯಕೀಯ ಸ್ಕ್ಯಾನ್, ಗುಪ್ತಲಿಪಿ ಎಲ್ಲದರ ಒಳಗೂ ಆಕಾರದ ಗಣಿತ ಕೂತಿದೆ. ದೀರ್ಘವೃತ್ತೀಯ ವಕ್ರಗಳು ಇಂದು ಫೋನಿನ ಸಂದೇಶಗಳಿಗೆ ಬೀಗ ಹಾಕುತ್ತಿವೆ. ಕೌಶಲದ ಕೋರ್ಸು ಒಂದು ಕೆಲಸಕ್ಕೆ ತಯಾರು ಮಾಡುತ್ತದೆ, ಆ ಕೆಲಸ ಹೋದರೆ ಕೋರ್ಸೂ ಹೋಯಿತು. ಬಡವರಿಗೆ ಕೌಶಲ, ಉಳ್ಳವರಿಗೆ ಗಣಿತ ಎಂದು ಹಂಚಿಬಿಟ್ಟರೆ ಬಡತನವೂ ಅದರ ಜೊತೆಗೇ ಹಂಚಿಹೋಗುತ್ತದೆ.

ಮಿರ್ಜಾಖಾನಿಯವರ ಹುಟ್ಟುದಿನವಾದ ಮೇ 12ನ್ನು 2019ರಿಂದ ಗಣಿತದಲ್ಲಿ ಮಹಿಳೆಯರ ದಿನವೆಂದು ಲೋಕವೆಲ್ಲ ಆಚರಿಸುತ್ತಿದೆ. ನಮ್ಮಲ್ಲಿ ಅದು ಫಲಿತಾಂಶ ಬಂದು ಮಕ್ಕಳು ಮುಂದಿನ ಕಾಲೇಜು ಹುಡುಕುವ ಹೊತ್ತು. ಅಂದು ಭಾಷಣಗಳಲ್ಲಿ ಛಲದ ಕಥೆಗಳು ಬರುತ್ತವೆ, ಬರಲಿ. ಆದರೆ ಛಲವನ್ನು ಹೊಗಳಲು ಖರ್ಚಿಲ್ಲ, ಸಂಜೆ ಆರಕ್ಕೆ ಬಸ್ಸು ಬಿಡಲು ಖರ್ಚಿದೆ. ಪಿಯು ಕಾಲೇಜಿಗೆ ವಿಜ್ಞಾನ ವಿಭಾಗ ಕೊಡಲು, ಖಾಲಿ ಹುದ್ದೆ ತುಂಬಲು ಬಜೆಟ್ಟಿನಲ್ಲಿ ಸಾಲು ಬೇಕು. ಅದಕ್ಕೇ ಆ ದಿನಕ್ಕೆ ಇನ್ನೊಂದು ಆಚರಣೆ ಸೇರಿಸಬಹುದು. ಪ್ರತಿ ತಾಲ್ಲೂಕಿನಲ್ಲಿ ಹತ್ತನೆಯ ತರಗತಿಯ ಗಣಿತದಲ್ಲಿ ಚೆನ್ನಾಗಿ ಪಾಸಾದ ಹುಡುಗಿಯರು ಎಷ್ಟು, ಅವರಲ್ಲಿ ಪಿಯುಸಿ ವಿಜ್ಞಾನ ಸೇರಿದವರು ಎಷ್ಟು, ಪದವಿಯಲ್ಲಿ ಗಣಿತ ಉಳಿಸಿಕೊಂಡವರು ಎಷ್ಟು, ಎಂ.ಎಸ್ಸಿ.ಗೆ ಬಂದವರು ಎಷ್ಟು ಎಂಬ ನಾಲ್ಕು ಅಂಕಿಗಳನ್ನು ಶಿಕ್ಷಣ ಇಲಾಖೆ ಅಂದು ಪ್ರಕಟಿಸಲಿ. ಯಾವ ಎರಡು ಅಂಕಿಗಳ ನಡುವೆ ಕಂದಕ ದೊಡ್ಡದೋ, ಆ ತಾಲ್ಲೂಕಿನ ಹಣ ಮುಂದಿನ ವರ್ಷ ಅಲ್ಲಿಗೆ ಹೋಗಲಿ. ಕಮಲಮ್ಮ ದಾಸಪ್ಪ ಒಬ್ಬ ಮೊಮ್ಮಗಳನ್ನು ದಾಟಿಸಿದರು, ಅದು ಒಂದು ಕುಟುಂಬದ ಪುಣ್ಯ. ಉಳಿದ ಮೊಮ್ಮಕ್ಕಳನ್ನೂ ಪುಣ್ಯದ ಪಾಲಿಗೆ ಬಿಡಲು ಸರ್ಕಾರಕ್ಕೆ ಹಕ್ಕಿಲ್ಲ.